ಜಿಪ್ಸಿಯ ಹೀಟರ್ ಫ್ಯಾನ್ ಸ್ವಿಚ್ ರಿಪೇರಿ: ಮೊದಲು ಕಾರಣ ಹುಡುಕಿ, ಆಮೇಲೆ ಬಿಚ್ಚಿ

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಹೊರಗೆ ಮಂಜು, ಒಳಗೆ ಒದ್ದೆ ಬಟ್ಟೆಯ ನಾಲ್ಕು ಜನ. ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಮುಂದಿನ ತಿರುವು ಬರುವಷ್ಟರಲ್ಲಿ ಮತ್ತೆ ಮಬ್ಬು. ಎಸಿ ಇಲ್ಲದ ಹಳೆಯ ಮಾರುತಿ ಜಿಪ್ಸಿಯಲ್ಲಿ ಆ ಗಾಜನ್ನು ತಿಳಿಯಾಗಿಡಲು ಹೀಟರ್‌ನ ಬಿಸಿ ಗಾಳಿಯೇ ಗತಿ. ಗಾಳಿ ಬೀಸುವ ಫ್ಯಾನ್ ನಿಂತರೆ ದಾರಿಯೇ ಕಾಣುವುದಿಲ್ಲ. ಆದ್ದರಿಂದ ಹೀಟರ್ ಫ್ಯಾನ್ ಸ್ವಿಚ್ ಕೆಟ್ಟರೆ, 'ನಮ್ಮೂರಲ್ಲಿ ಎಂಥ ಚಳಿ, ಆಮೇಲೆ ನೋಡೋಣ' ಅಂತ ಬಿಡಬೇಡಿ.

ಈ ಹೀಟರ್ ಫ್ಯಾನಿನಿಂದ ಇನ್ನೂ ಒಂದು ಉಪಕಾರ ಇದೆ. ಏರು ಹತ್ತುವಾಗ ಎಂಜಿನ್ ಬಿಸಿಯ ಮುಳ್ಳು ಮೇಲೇರತೊಡಗಿದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನನ್ನು ಜೋರಿಗೆ ಹಾಕಬಹುದು. ಹೀಟರ್ ಒಳಗಿರುವುದು ಒಂದು ಪುಟ್ಟ ರೇಡಿಯೇಟರ್ ತಾನೆ. ಎಂಜಿನ್‌ನ ಒಂದಷ್ಟು ಬಿಸಿ ಆ ದಾರಿಯಲ್ಲಿ ಹೊರಬೀಳುತ್ತದೆ. ಒಳಗಿದ್ದವರಿಗೆ ಸೆಕೆಯಾದರೂ ಗಾಡಿ ನಿಲ್ಲಿಸಲು ಒಳ್ಳೆಯ ಜಾಗ ಸಿಗುವವರೆಗೆ ಎಂಜಿನ್ ಉಳಿಯುತ್ತದೆ.

ಜಿಪ್ಸಿ ಮೊದಲು ಬಂದದ್ದು 1985ರ ಕೊನೆಗೆ, 970 ಸಿಸಿ ಎಂಜಿನ್ ಜೊತೆ. 1996ರಲ್ಲಿ 1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್ ಬಂತು. ಈಗ ತಯಾರಿಕೆಯೇ ನಿಂತಿದೆ. ಆದರೂ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇವು ಇನ್ನೂ ದುಡಿಯುತ್ತಿವೆ. ಸೇನೆಯ ಹರಾಜಿನಿಂದ ಬಂದ ಗಾಡಿಗಳೂ ಬೇಕಾದಷ್ಟಿವೆ. ಇವು ಹಲವು ಕೈ ದಾಟಿ ಬಂದಿರುತ್ತವೆ. ಪ್ರತಿ ಕೈಯೂ ವೈರಿಂಗ್‌ನಲ್ಲಿ ಏನಾದರೊಂದು ಗುರುತು ಬಿಟ್ಟಿರುತ್ತದೆ. ಅದಕ್ಕೇ ಇಲ್ಲಿ ವೈರ್ ಬಣ್ಣದ ಪಟ್ಟಿ ಕೊಡುತ್ತಿಲ್ಲ. ಹಳೆಯ ಗಾಡಿಯಲ್ಲಿ ಬಣ್ಣವನ್ನು ನಂಬಬಾರದು, ಮೀಟರನ್ನು ನಂಬಬೇಕು. ಹೀಗೆ ಮೀಟರ್ ಹಿಡಿದು ಕೆಲಸ ಮಾಡುವುದನ್ನು ಕಲಿತರೆ ಇದೇ ಕ್ರಮದಲ್ಲಿ ಬೇರೆ ಹಳೆಯ ಜೀಪುಗಳ ಫ್ಯಾನ್ ಸ್ವಿಚ್ಚನ್ನೂ ಸರಿಮಾಡಬಹುದು.

ಸ್ವಿಚ್ ಯಾಕೆ ಸುಡುತ್ತದೆ

ಇದನ್ನು ತಿಳಿಯದೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ಬಹಳ ಜನ ಸುಟ್ಟ ಸ್ವಿಚ್ ತೆಗೆದು ಹೊಸದು ಹಾಕುತ್ತಾರೆ. ಮುಂದಿನ ಮಳೆಗಾಲಕ್ಕೆ ಅದೂ ಸುಡುತ್ತದೆ. ಆಗ 'ಈಗಿನ ಸಾಮಾನು ಸರಿಯಿಲ್ಲ' ಅಂತ ದೂರುತ್ತಾರೆ. ಸಾಮಾನಿನ ತಪ್ಪು ಕೆಲವೊಮ್ಮೆ ಇರಬಹುದು. ಆದರೆ ಮೊದಲ ಸ್ವಿಚ್ ಸುಡಲು ಏನು ಕಾರಣವಾಗಿತ್ತೋ ಅದು ಇನ್ನೂ ಗಾಡಿಯಲ್ಲೇ ಕೂತಿದೆಯಲ್ಲ, ಅದನ್ನು ಯಾರೂ ನೋಡುವುದಿಲ್ಲ.

ಕರೆಂಟ್ ಹರಿಯುವ ದಾರಿ ಹೀಗಿದೆ. ಬ್ಯಾಟರಿಯಿಂದ ಕೀ ಸ್ವಿಚ್, ಅಲ್ಲಿಂದ ಫ್ಯೂಸ್. ಅದರಾಚೆ ಫ್ಯಾನ್ ಮೋಟಾರ್, ರೆಸಿಸ್ಟರ್, ಸ್ಪೀಡ್ ಸ್ವಿಚ್ ಈ ಮೂರೂ ಒಂದರ ಹಿಂದೆ ಒಂದು ಸೇರಿಕೊಂಡಿರುತ್ತವೆ. ಕೊನೆಗೆ ಅರ್ಥ್, ಅಂದರೆ ಗಾಡಿಯ ಬಾಡಿ. ರೆಸಿಸ್ಟರ್ ಅಂದರೆ ಸುರುಳಿ ಸುತ್ತಿದ ತಂತಿ. ಕಡಿಮೆ ಸ್ಪೀಡಿನಲ್ಲಿ ಕರೆಂಟ್ ಆ ಸುರುಳಿಯ ಮೂಲಕ ಹೋಗುತ್ತದೆ, ಮೋಟಾರಿಗೆ ಸಿಗುವ ವೋಲ್ಟೇಜ್ ತಗ್ಗುತ್ತದೆ. ಪೂರ್ತಿ ಜೋರಿಗೆ ಹಾಕಿದಾಗ ಸುರುಳಿಯನ್ನು ಬಿಟ್ಟು ನೇರ ದಾರಿ. ಆಗ ಮೋಟಾರ್ ಎಳೆಯುವ ಅಷ್ಟೂ ಕರೆಂಟ್ ಸ್ವಿಚ್ ಒಳಗಿನ ಚಿಕ್ಕ ತಾಮ್ರದ ತುಂಡಿನ ಮೇಲೆ ಹರಿಯುತ್ತದೆ.

ಈಗ ಒಂದು ಲೆಕ್ಕ ನೋಡಿ. ಫ್ಯಾನ್ ಜೋರಾಗಿ ತಿರುಗುವಾಗ 10 ಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಸ್ವಿಚ್ಚಿನ ಕಂಟ್ಯಾಕ್ಟ್, ಅಂದರೆ ಒಳಗೆ ಲೋಹಕ್ಕೆ ಲೋಹ ತಾಗುವ ಜಾಗ, ಕಪ್ಪಾಗಿ ಅಲ್ಲಿ 0.1 ಓಮ್ ತಡೆ ಬಂದಿದೆ. 0.1 ಓಮ್ ಅಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ 10 ಆಂಪ್‌ಗೆ ಅಲ್ಲಿ 1 ವೋಲ್ಟ್ ನಷ್ಟ, 10 ವ್ಯಾಟ್ ಬಿಸಿ. ಸೀಸ ಕರಗಿಸುವ ಚಿಕ್ಕ ಸೋಲ್ಡರಿಂಗ್ ಐರನ್ ಇರುವುದೇ 25 ವ್ಯಾಟ್‌ನದು. ಅದರ ಅರ್ಧಕ್ಕೆ ಹತ್ತಿರದ ಬಿಸಿ ಮೆಣಸಿನಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯ ಒಳಗೆ ಹುಟ್ಟುತ್ತದೆ. ಬಿಸಿಯಿಂದ ಸ್ಪ್ರಿಂಗ್ ಮೆತ್ತಗಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ, ತಡೆ ಇನ್ನೂ ಏರುತ್ತದೆ, ಬಿಸಿಯೂ ಏರುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಮೊದಲ ತಡೆ ಎಲ್ಲಿಂದ ಬಂತು? ಸಾಮಾನ್ಯವಾಗಿ ಕಾರಣಗಳು ಮೂರು. ಸ್ವಿಚ್ ಒಳಗಿನ ಗ್ರೀಸ್ ಒಣಗಿ, ಧೂಳು ಹಿಡಿದು ಕಪ್ಪು ಪದರವಾಗಿರುತ್ತದೆ. ಇಲ್ಲವೇ ಹಿಂಬದಿಯ ಕನೆಕ್ಟರಿನ ಟರ್ಮಿನಲ್ ಲೂಸ್ ಆಗಿರುತ್ತದೆ. ಇಲ್ಲವೇ ಮೋಟಾರಿನ ಬುಷ್ (ಶಾಫ್ಟ್ ತಿರುಗುವ ಲೋಹದ ಬಳೆ) ಒಣಗಿಯೋ ಫ್ಯಾನಿಗೆ ಕಸ ಸಿಕ್ಕಿಯೋ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿರುತ್ತದೆ. ತೋಟದ ಗಾಡಿಗಳಲ್ಲಿ ಈ ಮೂರನೆಯದು ಬಹಳ. ಒಣ ಎಲೆ, ಸಿಲ್ವರ್ ಓಕ್ ಪುಡಿ, ಇಲಿ ಕಟ್ಟಿದ ಗೂಡು, ಏನು ಬೇಕಾದರೂ ಇರಬಹುದು.

ಲಕ್ಷಣ ಏನು ಹೇಳುತ್ತದೆ

ಜೋರು ಸ್ಪೀಡ್ ಮಾತ್ರ ಕೆಲಸ ಮಾಡುತ್ತದೆ, ಕೆಳಗಿನವು ಯಾವುದೂ ಇಲ್ಲ ಅಂದರೆ ಸ್ವಿಚ್ಚನ್ನು ಸುಮ್ನೆ ಬಿಚ್ಚಬೇಡಿ. ಅದು ಹೆಚ್ಚಾಗಿ ರೆಸಿಸ್ಟರ್ ತುಂಡಾದ ಲಕ್ಷಣ. ಕೆಳಗಿನ ಸ್ಪೀಡುಗಳಿವೆ, ಜೋರು ಮಾತ್ರ ಇಲ್ಲ ಅಂದರೆ ಸ್ವಿಚ್ಚಿನ ಜೋರಿನ ಕಂಟ್ಯಾಕ್ಟ್ ಸುಟ್ಟಿರುವ ಸಾಧ್ಯತೆ ದೊಡ್ಡದು. ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಹೊರುವುದು ಅದೇ. ಲಿವರನ್ನು ಸ್ವಲ್ಪ ಅಲ್ಲಾಡಿಸಿದಾಗ ಫ್ಯಾನ್ ಬಂದು ಹೋಗಿ ಮಾಡಿದರೆ ಸ್ವಿಚ್ ಅಥವಾ ಅದರ ಕನೆಕ್ಟರ್. ಡ್ಯಾಶ್ ಕೆಳಗಿನ ಫ್ಯಾನ್ ಡಬ್ಬಿಗೆ ಕೈಯಿಂದ ತಟ್ಟಿದರೆ ಓಡಲು ಶುರುವಾದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ.

ಏನೇ ಮಾಡಿದರೂ ಓಡುತ್ತಿಲ್ಲವೇ? ಮೊದಲು ಫ್ಯೂಸ್ ನೋಡಿ. ಕಣ್ಣಲ್ಲಿ ನೋಡಿದರೆ ಸಾಲದು. ಕೀ ಆನ್ ಮಾಡಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬಾಡಿಗೆ ಹಿಡಿದು ಇನ್ನೊಂದನ್ನು ಫ್ಯೂಸಿನ ಎರಡೂ ಬದಿಗೆ ಮುಟ್ಟಿಸಿ, ಎರಡೂ ಕಡೆ ಬೆಳಗಬೇಕು. ಫ್ಯೂಸ್ ಮೇಲೆ ಬರೆದ ಆಂಪ್ ಎಷ್ಟು, ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದು ಎಷ್ಟು ಅಂತ ಹೋಲಿಸಿ. ಹಿಂದಿನವರು ಪದೇ ಪದೇ ಫ್ಯೂಸ್ ಹೋಗುತ್ತದೆ ಅಂತ 30 ಆಂಪ್‌ನದು ಹಾಕಿದ್ದರೆ ಅಥವಾ ತಂತಿ ಸುತ್ತಿದ್ದರೆ ನಿಮಗೆ ದೊಡ್ಡ ಸುಳಿವು ಸಿಕ್ಕಿತು. ಮೋಟಾರ್ ತುಂಬಾ ದಿನದಿಂದ ಒದ್ದಾಡುತ್ತಿದೆ. ಆ ಫ್ಯೂಸ್ ಕೂಡಲೇ ತೆಗೆಯಿರಿ. ದೊಡ್ಡ ಫ್ಯೂಸ್ ಹಾಕಿದರೆ ಬೆಂಕಿ ಹತ್ತುವುದು ವೈರಿಗೆ, ಅದೂ ಡ್ಯಾಶ್ ಒಳಗೆ.

ಬೇಕಾದ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಸ್ಟಾರ್ ಸ್ಕ್ರೂಡ್ರೈವರ್, ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರ್, 10 ನಂಬರ್ ಸ್ಪ್ಯಾನರ್, ತೆಳು ಮೂಗಿನ ಪ್ಲೇಯರ್. ಸ್ವಚ್ಛ ಮಾಡಲು ಎಲೆಕ್ಟ್ರಿಕಲ್ ಕಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, 600 ಮತ್ತು 1000 ನಂಬರಿನ ಮರಳು ಕಾಗದ. ಸೇರಿಸಲು ಸೋಲ್ಡರಿಂಗ್ ಐರನ್, ರೋಸಿನ್ ಫ್ಲಕ್ಸ್, ಹೀಟ್ ಶ್ರಿಂಕ್ ಟ್ಯೂಬ್, 6.3 ಮಿಲಿಮೀಟರ್ ಚಪ್ಪಟೆ ಟರ್ಮಿನಲ್‌ಗಳು, ಒಳ್ಳೆಯ ಕ್ರಿಂಪಿಂಗ್ ಪ್ಲೇಯರ್. 15 ಆಂಪ್ ಫ್ಯೂಸ್ ಇರುವ ಒಂದು ಮೊಳ ಜಂಪರ್ ವೈರ್ ಮಾಡಿಕೊಳ್ಳಿ, ಕೆಳಗೆ ಬಹಳ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಲ್ಲಿ ಇರುವವರಿಗೆ ಟರ್ಮಿನಲ್, ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಸೋಲ್ಡರ್ ಎಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಗಾಡಿಯ ಬಿಡಿಭಾಗಕ್ಕೆ ಜೆ.ಸಿ. ರಸ್ತೆ.

ಸ್ಪ್ರೇ ವಿಚಾರದಲ್ಲಿ ಒಂದು ಮಾತು. ತುಕ್ಕು ಬಿಡಿಸುವ ಸ್ಪ್ರೇಯನ್ನು ಸ್ವಿಚ್ ಒಳಗೆ ಹೊಡೆದರೆ ಎರಡು ದಿನ ಸರಿಯಾದಂತೆ ಕಾಣುತ್ತದೆ. ಅದರ ಎಣ್ಣೆ ಒಳಗೇ ಉಳಿದು ಧೂಳು ಹಿಡಿಯುತ್ತದೆ, ಆಮೇಲೆ ಮೊದಲಿಗಿಂತ ಕೆಡುತ್ತದೆ. ಕಂಟ್ಯಾಕ್ಟ್ ಕ್ಲೀನರ್ ಆವಿಯಾಗಿ ಹೋಗುತ್ತದೆ, ಅದನ್ನೇ ಬಳಸಿ.

ಸ್ವಿಚ್ ಒಳಗೆ ತೊಂದರೆ ಇದೆ ಅಂತ ಖಚಿತ ಮಾಡಿಕೊಳ್ಳುವುದು

ಡ್ಯಾಶ್ ಪೂರ್ತಿ ಬಿಚ್ಚುವ ಮೊದಲು ಕೆಳಗಿನಿಂದ ಕೈಹಾಕಿ ಫ್ಯಾನ್ ಸ್ವಿಚ್ಚಿನ ಕನೆಕ್ಟರ್ ಹುಡುಕಿ. ಫ್ಯಾನ್ ಲಿವರಿನ ಹಿಂದಿನಿಂದ ಹೊರಟ ವೈರ್ ಗುಂಪು ಹಿಡಿದು ಹೋದರೆ ಸಿಗುತ್ತದೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯೇ, ಸುಟ್ಟ ವಾಸನೆ ಇದೆಯೇ ನೋಡಿ. ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮೊದಲ ಪರೀಕ್ಷೆ ಫ್ಯಾನ್ ಒಂದಿಷ್ಟಾದರೂ ಓಡುವಾಗ ಮಾಡಬೇಕಾದದ್ದು. ಕನೆಕ್ಟರ್ ಸಿಕ್ಕಿಸಿಯೇ ಇರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕನೆಕ್ಟರಿನ ಹಿಂಬದಿಯಿಂದ ಒಂದು ಮೊನೆಯನ್ನು ಸ್ವಿಚ್ಚಿನ ಸಾಮಾನ್ಯ ವೈರಿಗೂ (ಎಲ್ಲ ಸ್ಪೀಡಿಗೂ ಸೇರಿದ ಒಂದೇ ವೈರ್) ಇನ್ನೊಂದನ್ನು ಈಗ ಹಾಕಿರುವ ಸ್ಪೀಡಿನ ವೈರಿಗೂ ಮುಟ್ಟಿಸಿ. ಸ್ವಿಚ್ ನುಂಗುತ್ತಿರುವ ವೋಲ್ಟೇಜ್ ನೇರವಾಗಿ ಕಾಣುತ್ತದೆ. 0.2 ವೋಲ್ಟ್ ಒಳಗಿದ್ದರೆ ಸ್ವಿಚ್ ಆರೋಗ್ಯವಾಗಿದೆ, ತೊಂದರೆ ಬೇರೆ ಕಡೆ ಹುಡುಕಿ. 0.5 ದಾಟಿದರೆ ಬಿಚ್ಚಲೇಬೇಕು. ಇದು ಓಮ್ ಅಳೆಯುವುದಕ್ಕಿಂತ ಎಷ್ಟೋ ನಂಬಬಹುದಾದ ಪರೀಕ್ಷೆ. ಓಮ್ ಅಳೆಯುವಾಗ ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ. ಸುಟ್ಟ ಕಂಟ್ಯಾಕ್ಟಿನ ಒಂದು ಎಳೆ ಮುಟ್ಟಿಕೊಂಡಿದ್ದರೂ 'ಸರಿ ಇದೆ' ಅಂತ ತೋರಿಸಿಬಿಡುತ್ತದೆ.

ಸಾಮಾನ್ಯ ವೈರ್ ಯಾವುದು ಅಂತ ತಿಳಿಯುವುದು ಹೇಗೆ? ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ಈಗ ಕೀ ಆನ್ ಮಾಡಿ, ಮೀಟರಿನ ಕಪ್ಪು ಮೊನೆಯನ್ನು ಬಾಡಿಯ ಲೋಹಕ್ಕೆ ಹಿಡಿದು, ಕೆಂಪು ಮೊನೆಯನ್ನು ಗಾಡಿಯ ಕಡೆಯ ಒಂದೊಂದೇ ವೈರಿಗೆ ಮುಟ್ಟಿಸಿ. ಹಲವು ವೈರಿನಲ್ಲಿ 12 ವೋಲ್ಟ್ ಇದ್ದು ಒಂದರಲ್ಲಿ ಸೊನ್ನೆ ಇದ್ದರೆ, ಆ ಸೊನ್ನೆಯ ವೈರ್ ಅರ್ಥ್. ನಿಮ್ಮ ಸ್ವಿಚ್ ಅರ್ಥ್ ಕಡೆಯದು. ಅದೇ ಸಾಮಾನ್ಯ ವೈರ್. ಕೀ ಆಫ್ ಮಾಡಿ ಆ ವೈರಿಗೂ ಬಾಡಿಗೂ ಕಂಟಿನ್ಯುಟಿ, ಅಂದರೆ ಕರೆಂಟ್ ಹರಿಯಲು ತಡೆಯಿಲ್ಲದ ದಾರಿ, ಇದೆಯೇ ಅಂತ ಮೀಟರಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಒಂದೇ ವೈರಿನಲ್ಲಿ 12 ವೋಲ್ಟ್ ಇದ್ದು ಉಳಿದವು ಸೊನ್ನೆ ಇದ್ದರೆ ಸ್ವಿಚ್ ಸಪ್ಲೈ ಕಡೆಯದು, 12 ವೋಲ್ಟ್‌ನ ವೈರೇ ಸಾಮಾನ್ಯ ವೈರ್. ಇದನ್ನು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ರಿಲೇ ಹಾಕುವಾಗ ಬೇಕು. ಡ್ಯಾಶ್ ದೀಪದ ವೈರೂ ಅದೇ ಕನೆಕ್ಟರಿಗೆ ಬಂದಿದ್ದರೆ ಗೊಂದಲವಾಗಬಹುದು. ಪಾರ್ಕ್ ಲೈಟ್ ಹಾಕಿದಾಗ ಮಾತ್ರ ಜೀವ ಬರುವ ವೈರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯ ಪರೀಕ್ಷೆಗೆ ಆ ಜಂಪರ್ ವೈರ್. ಕನೆಕ್ಟರ್ ಬಿಚ್ಚಿಯೇ ಇರಲಿ, ಕೀ ಆನ್. ಸಾಮಾನ್ಯ ವೈರಿನಿಂದ ಒಂದೊಂದೇ ಸ್ಪೀಡಿನ ವೈರಿಗೆ ಜಂಪರ್ ಕೊಡಿ. ಪ್ರತಿ ವೈರಿಗೂ ಫ್ಯಾನ್ ಬೇರೆ ಬೇರೆ ವೇಗದಲ್ಲಿ ಚೆನ್ನಾಗಿ ತಿರುಗಿದರೆ ಮೋಟಾರ್, ರೆಸಿಸ್ಟರ್, ಫ್ಯೂಸ್ ಎಲ್ಲ ಸರಿ ಇವೆ. ದೋಷ ಸ್ವಿಚ್ ಅಥವಾ ಅದರ ಕನೆಕ್ಟರಿನದು. ಜಂಪರ್ ಕೊಟ್ಟರೂ ಫ್ಯಾನ್ ಮಂಕಾಗಿ ತಿರುಗಿದರೆ ಅಥವಾ ಜಂಪರಿನ ಫ್ಯೂಸೇ ಹೋದರೆ ಮೊದಲು ಮೋಟಾರ್ ನೋಡಬೇಕು. ಸ್ವಿಚ್ ಆಮೇಲೆ.

ಡ್ಯಾಶ್‌ನಿಂದ ಹೊರಗೆ

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಇಲ್ಲಿಂದ ಮುಂದೆ ಗಾಡಿಯ ಕಡೆಗೆ ಕರೆಂಟ್ ಬೇಡ.

ಲಿವರುಗಳ ತುದಿಯ ಪ್ಲಾಸ್ಟಿಕ್ ಗುಬ್ಬಿಗಳನ್ನು ನೇರವಾಗಿ ಎಳೆದು ತೆಗೆಯಿರಿ. ಮೂವತ್ತು ವರ್ಷದ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಬಿಗಿಯಾಗಿದ್ದರೆ ಕೂದಲು ಒಣಗಿಸುವ ಡ್ರೈಯರಿನಿಂದ ಒಂದು ನಿಮಿಷ ಬೆಚ್ಚಗೆ ಮಾಡಿ ಎಳೆಯಿರಿ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಕಾದರೆ ತುದಿಗೆ ಬಟ್ಟೆ ಸುತ್ತಿ. ಆಮೇಲೆ ಮುಂದಿನ ಫಲಕದ ಸ್ಕ್ರೂ ಬಿಚ್ಚಿ, ಫಲಕ ಸಡಿಲಿಸಿ. ಅದರ ಹಿಂದೆ ಲಿವರ್ ಜೋಡಣೆಯನ್ನು ಹಿಡಿದ ಸ್ಕ್ರೂಗಳು ಕಾಣುತ್ತವೆ.

ಇಲ್ಲಿ ಅವಸರ ಮಾಡಬೇಡಿ. ಆ ಜೋಡಣೆಗೆ ವೈರ್ ಜೊತೆ ಕೇಬಲ್‌ಗಳೂ ಸೇರಿರುತ್ತವೆ. ಒಂದು ಬಿಸಿನೀರಿನ ವಾಲ್ವಿಗೆ, ಉಳಿದವು ಗಾಳಿ ಎತ್ತ ಹೋಗಬೇಕು ಅಂತ ತಿರುಗಿಸುವ ಬಾಗಿಲುಗಳಿಗೆ. ಕೇಬಲ್ ಹೊದಿಕೆ ಕ್ಲಿಪ್ಪಿನಲ್ಲಿ ಎಲ್ಲಿ ಕೂತಿದೆಯೋ ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಫೋನಿನಲ್ಲಿ ನಾಲ್ಕೈದು ಫೋಟೊ ತೆಗೆಯಿರಿ. ಗೆರೆ ಇಲ್ಲದೆ ಬಿಚ್ಚಿದರೆ ಮತ್ತೆ ಹಾಕುವಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೇಸಿಗೆಯಲ್ಲೂ ಕಾಲಿಗೆ ಬಿಸಿ ಗಾಳಿ ಬರುತ್ತದೆ. ಸ್ವಿಚ್ ಮಾತ್ರ ಹೊರಬರುವ ಹಾಗಿದ್ದರೆ ಕೇಬಲ್‌ಗಳನ್ನು ಮುಟ್ಟಲೇಬೇಡಿ.

ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ. ಬೀಗದ ಚಿಕ್ಕ ನಾಲಿಗೆ ಒತ್ತಿ, ಪ್ಲಾಸ್ಟಿಕ್ ಮೈ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತ ಬಿಡಿಸಿ. ಕರಗಿ ಅಂಟಿಕೊಂಡಿದ್ದರೆ ಒತ್ತಾಯ ಮಾಡುವುದಕ್ಕಿಂತ ಕನೆಕ್ಟರನ್ನು ಕತ್ತರಿಸಿ ತೆಗೆಯುವುದೇ ಮೇಲು, ಹೇಗೂ ಅದನ್ನು ಬದಲಿಸಬೇಕು. ಕತ್ತರಿಸುವ ಮೊದಲು ಪ್ರತಿ ವೈರಿಗೂ ಟೇಪಿನ ಚೂರು ಅಂಟಿಸಿ ನಂಬರ್ ಬರೆಯಿರಿ.

ಸ್ವಿಚ್ ಒಳಗೆ

ಸ್ವಿಚ್ಚನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು, ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿ. ಒಳಗೆ ಚಿಕ್ಕ ಸ್ಪ್ರಿಂಗ್ ಮತ್ತು ಉಕ್ಕಿನ ಗುಂಡು ಇರುತ್ತದೆ. ಪ್ರತಿ ಸ್ಪೀಡಿಗೂ 'ಟಕ್' ಅಂತ ಕೂರಿಸುವುದು ಅದೇ. ಹಾರಿ ಸೀಟಿನ ಕೆಳಗೆ ಹೋದರೆ ಕೆಲಸ ಅಲ್ಲಿಗೇ ನಿಂತಿತು.

ಮೈಯನ್ನು ಹಿಡಿದಿರುವುದು ಮಡಚಿದ ಲೋಹದ ನಾಲಿಗೆಗಳಾದರೆ ಒಂದೊಂದನ್ನೂ ಒಂದೇ ಸಲ, ಬೇಕಾದಷ್ಟೇ ಬಿಡಿಸಿ. ಹಿಂದೆ ಮುಂದೆ ಮಡಚುತ್ತ ಕೂತರೆ ತುಂಡಾಗುತ್ತದೆ. ಮುಚ್ಚಳ ತೆಗೆದಾಗ ಒಂದು ಕಡೆ ನಿರೋಧಕ ಹಲಗೆಯಲ್ಲಿ ಕೂತ ಹಿತ್ತಾಳೆ ಅಥವಾ ತಾಮ್ರದ ಪಟ್ಟಿಗಳು, ಇನ್ನೊಂದು ಕಡೆ ಅವುಗಳ ಮೇಲೆ ಜಾರುವ ತಾಮ್ರದ ತುಂಡು ಕಾಣುತ್ತದೆ. ಜಾರುವ ತುಂಡಿನ ಕೆಳಗೆ ಸ್ಪ್ರಿಂಗ್. ಮತ್ತೊಂದು ಫೋಟೊ ತೆಗೆಯಿರಿ.

ಒಣಗಿದ ಗ್ರೀಸನ್ನು ಆಲ್ಕೋಹಾಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಪೆಟ್ರೋಲ್, ಥಿನ್ನರ್ ಬೇಡ, ಹಳೆಯ ಪ್ಲಾಸ್ಟಿಕ್ ಕರಗಬಹುದು. ಕಪ್ಪು ಹೋಗಿ ಲೋಹ ಹೊಳೆಯಬೇಕು. ಹೋಗದಿದ್ದರೆ 600, ಆಮೇಲೆ 1000 ನಂಬರಿನ ಕಾಗದದಲ್ಲಿ ಮೆಲ್ಲಗೆ ಉಜ್ಜಿ. ತೆಳುವಾದ ಲೇಪ ಇರುವ ಕಂಟ್ಯಾಕ್ಟಾದರೆ ಎಷ್ಟು ಕಡಿಮೆ ಉಜ್ಜುತ್ತೀರೋ ಅಷ್ಟು ಒಳ್ಳೆಯದು. ಹಲಗೆಯ ಮೇಲೆ ಎರಡು ಪಟ್ಟಿಗಳ ನಡುವೆ ಕಪ್ಪು ಗೆರೆ ಇದ್ದರೆ ಅದನ್ನು ಬಿಡಬೇಡಿ. ಅದು ಇಂಗಾಲ, ಅದರ ಮೂಲಕವೂ ಕರೆಂಟ್ ಸೋರುತ್ತದೆ. ಪೂರ್ತಿ ಕೆರೆದು ತೆಗೆಯಿರಿ.

ಈಗ ಎಲ್ಲರೂ ಮರೆಯುವ ಒಂದು ಜಾಗ. ಒಳಗಿನ ಪಟ್ಟಿ ಮತ್ತು ಹೊರಗಿನ ಪಿನ್ ಬೇರೆ ಬೇರೆ ತುಂಡುಗಳಾಗಿದ್ದು, ರಿವೆಟ್ ಹೊಡೆದು ಸೇರಿಸಿರುತ್ತಾರೆ. ಬಿಸಿಯಾಗಿ, ತಣ್ಣಗಾಗಿ ಆ ರಿವೆಟ್ ಸಡಿಲವಾಗುತ್ತದೆ. ಮೇಲಿನ ಕಂಟ್ಯಾಕ್ಟ್ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಪಿನ್ನನ್ನು ಪ್ಲೇಯರಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿ. ಕುಲುಕಿದರೆ ರಿವೆಟ್ ಸುತ್ತ ಕೆರೆದು, ಫ್ಲಕ್ಸ್ ಹಚ್ಚಿ, ಪಟ್ಟಿಗೂ ಪಿನ್ನಿಗೂ ಸೇರುವಂತೆ ಬೆಸುಗೆ ಹಾಕಿ. ಐರನ್ ಚೆನ್ನಾಗಿ ಕಾದಿರಲಿ, ಮೂರು ಸೆಕೆಂಡಿನಲ್ಲಿ ಮುಗಿಯಲಿ. ಮಂದ ಬಿಸಿಯಲ್ಲಿ ತುಂಬಾ ಹೊತ್ತು ಹಿಡಿದರೆ ಪಿನ್ ಕೂತ ಪ್ಲಾಸ್ಟಿಕ್ ಮೆತ್ತಗಾಗಿ ಜಾಗ ಬದಲಿಸುತ್ತದೆ. ಬೆಸುಗೆ ಜಾರುವ ದಾರಿಗೆ ಹರಿಯಬಾರದು.

ಸ್ಪ್ರಿಂಗ್ ಕುಗ್ಗಿದ್ದರೆ ಎರಡೂ ತುದಿ ಹಿಡಿದು ತುಸು ಎಳೆದು ಉದ್ದ ಮಾಡಬಹುದು. ಆದರೆ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ ಸ್ಪ್ರಿಂಗ್ ಬಿಸಿಯಲ್ಲಿ ಬೆಂದು ಹೋಗಿದೆ. ಎಳೆದರೂ ಮತ್ತೆ ಕುಗ್ಗುತ್ತದೆ. ಅದೇ ಅಳತೆಯ ಬೇರೆ ಸ್ಪ್ರಿಂಗ್ ಹಾಕಿ. ಜಾರುವ ತುಂಡು ಒಂದು ಕಡೆ ಸವೆದಿದ್ದರೆ, ಆಕಾರ ಒಂದೇ ಇದ್ದಾಗ, ತಿರುಗಿಸಿ ಹಾಕಿದರೆ ಹೊಸ ಮೈ ಸಿಗುತ್ತದೆ. ಕಂಟ್ಯಾಕ್ಟ್ ಕರಗಿ ಗುಂಡಿ ಬಿದ್ದಿದ್ದರೆ ಅಥವಾ ಹಲಗೆ ಸುಟ್ಟು ಪದರ ಬಿಟ್ಟಿದ್ದರೆ ಆ ಸ್ವಿಚ್ಚನ್ನು ಉಳಿಸುವ ಪ್ರಯತ್ನ ಬೇಡ.

ಮತ್ತೆ ಜೋಡಿಸುವಾಗ ಜಾರುವ ದಾರಿಗೆ ಕಂಟ್ಯಾಕ್ಟ್ ಗ್ರೀಸ್ ತೆಳುವಾಗಿ ಸವರಿ. ಜಾಸ್ತಿ ಆದರೆ ಅದೇ ಮುಂದೆ ಧೂಳಿನ ಗೂಡು. ಬೇರಿಂಗ್ ಗ್ರೀಸ್ ಹಾಕಲೇಬಾರದು.

ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆ ಪರೀಕ್ಷೆ

ಮೊದಲು ಓಮ್ ನೋಡಿ. ಮೀಟರಿನ ಎರಡು ಮೊನೆಯನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆದರೆ ಪ್ರತಿ ಸ್ಪೀಡಿನಲ್ಲೂ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಆಫ್‌ನಲ್ಲಿ ಎಲ್ಲವೂ ತೆರೆದಿರಬೇಕು.

ನಿಜವಾದ ಪರೀಕ್ಷೆ ಹೊರೆ ಕೊಟ್ಟಾಗ. ಹೆಡ್‌ಲೈಟಿನ 55 ವ್ಯಾಟ್ ಫಿಲಮೆಂಟ್ 12 ವೋಲ್ಟ್‌ಗೆ ಸುಮಾರು 4.5 ಆಂಪ್ ಎಳೆಯುತ್ತದೆ. ಅಂಥ ಎರಡು ಹಳೆಯ ಬಲ್ಬುಗಳನ್ನು ಪಕ್ಕಪಕ್ಕ ಸೇರಿಸಿದರೆ 9 ಆಂಪ್ ಆಯಿತು, ಜೋರಾಗಿ ತಿರುಗುವ ಫ್ಯಾನಿನ ಹೊರೆಗೆ ಹತ್ತಿರ. ಬಿಚ್ಚಿಟ್ಟ ಬ್ಯಾಟರಿಯ ಪಾಸಿಟಿವ್‌ನಿಂದ 15 ಆಂಪ್ ಫ್ಯೂಸ್, ಅಲ್ಲಿಂದ ಸ್ವಿಚ್, ಅಲ್ಲಿಂದ ಬಲ್ಬುಗಳು, ಅಲ್ಲಿಂದ ನೆಗೆಟಿವ್. ಐದು ನಿಮಿಷ ಉರಿಯಲು ಬಿಡಿ. ಬಲ್ಬ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಇಟ್ಟಿಗೆಯ ಮೇಲಿಡಿ. ಆಮೇಲೆ ಸ್ವಿಚ್ಚಿನ ಎರಡು ಪಿನ್ನಿನ ನಡುವೆ ವೋಲ್ಟ್ ಅಳೆಯಿರಿ. 0.2 ಒಳಗಿರಬೇಕು. ಸ್ವಿಚ್ಚಿನ ಮೈ ಬೆರಳಿಗೆ ಬೆಚ್ಚಗೆ ಅನಿಸಬಹುದು, ಬಿಸಿ ಅನಿಸಬಾರದು. ಪ್ರತಿ ಸ್ಪೀಡಿಗೂ ಹೀಗೆ ಮಾಡಿ. ಇದರಲ್ಲಿ ಪಾಸಾದ ಸ್ವಿಚ್ಚನ್ನು ಧೈರ್ಯವಾಗಿ ಗಾಡಿಗೆ ಹಾಕಬಹುದು.

ಹೊಸ ಸ್ವಿಚ್ ತಂದರೂ ಇದೇ ಪರೀಕ್ಷೆ ಮಾಡಿ. ಗುಜರಿಯಿಂದ ತಂದದ್ದಾದರೆ ಮಾಡಲೇಬೇಕು. ಹಳೆಯದನ್ನು ಅಂಗಡಿಗೆ ಒಯ್ದು ಪಿನ್ ಸಂಖ್ಯೆ, ಪಿನ್ನಿನ ಜಾಗ, ಲಿವರಿನ ಉದ್ದ ಪಕ್ಕಪಕ್ಕ ಇಟ್ಟು ನೋಡಿ. 'ಇದೂ ಆಗುತ್ತೆ ಸಾರ್' ಅಂದರೆ ಅಲ್ಲೇ ಮೀಟರ್ ಹಿಡಿದು ಯಾವ ಸ್ಥಾನದಲ್ಲಿ ಯಾವ ಪಿನ್ ಸೇರುತ್ತದೆ ಅಂತ ಪರೀಕ್ಷಿಸಿ.

ಕನೆಕ್ಟರ್ ಮತ್ತು ಟರ್ಮಿನಲ್

ಸ್ವಿಚ್ ಹೊಸದಾಗಿ, ಟರ್ಮಿನಲ್ ಹಳೆಯದಾದರೆ ಕೆಲಸ ಅರ್ಧಂಬರ್ಧ. ಬಿಸಿ ತಿಂದ ಟರ್ಮಿನಲ್ ತನ್ನ ಬಿಗಿ ಕಳೆದುಕೊಂಡಿರುತ್ತದೆ. ಪ್ಲೇಯರಿನಿಂದ ಅಮುಕಿದರೆ ಸ್ವಲ್ಪ ದಿನ ಹಿಡಿಯುತ್ತದೆ, ಅಷ್ಟೇ. ಕಪ್ಪಾದ ವೈರನ್ನು ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ, ಅಗತ್ಯ ಇದ್ದರೆ 2.5 ಚದರ ಮಿಲಿಮೀಟರ್ ವೈರ್ ಸೇರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ. ಎಳೆದು ನೋಡಿ. ಕೈಯ ಬಲಕ್ಕೆ ಕಿತ್ತು ಬಂದರೆ ಮತ್ತೆ ಮಾಡಿ. ಸುಮ್ನೆ ವೈರ್ ತಿರುಚಿ ಟೇಪ್ ಸುತ್ತುವುದು ಬೇಡ. ನಮ್ಮ ಸೆಕೆಗೆ ಟೇಪಿನ ಅಂಟು ಜಾರುತ್ತದೆ, ಮಲೆನಾಡಿನ ತೇವಕ್ಕೆ ಒಳಗಿನ ತಾಮ್ರ ಹಸಿರಾಗುತ್ತದೆ. ಹೀಟ್ ಶ್ರಿಂಕ್ ಹಾಕಿ.

ಮೋಟಾರ್ ನೋಡದೆ ಡ್ಯಾಶ್ ಮುಚ್ಚಬೇಡಿ

ಫ್ಯಾನನ್ನು ಹೊರತೆಗೆದು ಕೈಯಲ್ಲಿ ತಿರುಗಿಸಿ. ಒಮ್ಮೆ ತಳ್ಳಿದರೆ ಒಂದೆರಡು ಸುತ್ತು ಹಗುರವಾಗಿ ತಿರುಗಬೇಕು. ಕಿರುಗುಟ್ಟಿದರೆ, ಬಿಗಿ ಅನಿಸಿದರೆ ಎಲೆ, ಕೂದಲು, ಗೂಡು ಎಲ್ಲ ತೆಗೆದು, ಶಾಫ್ಟಿನ ಎರಡೂ ಬುಷ್‌ಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಇಲಿ ಗೂಡು ಇದ್ದರೆ ಕೈಗವಸು ಮತ್ತು ಮಾಸ್ಕ್ ಹಾಕಿಕೊಳ್ಳಿ, ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ, ಧೂಳು ಉಸಿರಿಗೆ ಹೋಗಬಾರದು. ಇಲಿಮೂತ್ರದಿಂದ ಹರಡುವ ಜ್ವರ ನಮ್ಮ ಮಲೆನಾಡು, ಕರಾವಳಿಗೆ ಹೊಸದಲ್ಲ.

ಆಮೇಲೆ ಮೋಟಾರನ್ನು ಫ್ಯೂಸ್ ಇರುವ ವೈರಿನಿಂದ ನೇರ ಬ್ಯಾಟರಿಗೆ ಕೊಟ್ಟು ಕರೆಂಟ್ ಅಳೆಯಿರಿ. ಸಾಧಾರಣ ಮಲ್ಟಿಮೀಟರಿನ ದೊಡ್ಡ ರೇಂಜ್ 10 ಆಂಪ್, ಅದೂ ಕೆಲವೇ ಸೆಕೆಂಡಿಗೆ. ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಒಳ್ಳೆಯದು, ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಸ್ಥಿರವಾಗಿ ತಿರುಗುವಾಗಲೂ ಫ್ಯೂಸ್ ಡಬ್ಬಿ ಹೇಳುವ ಆಂಪಿಗೆ ಹತ್ತಿರ ಎಳೆಯುತ್ತಿದ್ದರೆ ಮೋಟಾರ್ ಬದಲಿಸಿ. ಅದೇ ಮೋಟಾರ್ ಇಟ್ಟುಕೊಂಡರೆ ನೀವು ಇಷ್ಟು ಹೊತ್ತು ಕೂತು ಮಾಡಿದ ಸ್ವಿಚ್ ಮತ್ತೆ ಸುಡುತ್ತದೆ.

ರೆಸಿಸ್ಟರನ್ನೂ ಒಮ್ಮೆ ನೋಡಿ. ಅದು ಫ್ಯಾನಿನ ಗಾಳಿ ಬೀಸುವ ದಾರಿಯಲ್ಲೇ ಇರುವುದು ತಣ್ಣಗಿರಲಿ ಅಂತ. ಅದರ ಮೇಲೆ ಕಸ ಕೂತಿದ್ದರೆ ತೆಗೆಯಿರಿ. ಅದರಲ್ಲಿ ಬಿಸಿಗೆ ಕತ್ತರಿಸಿಕೊಳ್ಳುವ ಥರ್ಮಲ್ ಫ್ಯೂಸ್ ಇದ್ದು ಅದು ಹೋಗಿದ್ದರೆ, ತಂತಿ ಹಾಕಿ ದಾಟಿಸಬೇಡಿ. ಒಣ ಎಲೆಗಳ ಪಕ್ಕದಲ್ಲಿ ಕೆಂಪಗೆ ಕಾದ ಸುರುಳಿ ಇರುವುದನ್ನು ಯೋಚಿಸಿ.

ಜೋರು ಸ್ಪೀಡಿಗೆ ರಿಲೇ

ಇದು ಕಡ್ಡಾಯ ಅಲ್ಲ. ಆದರೆ ಗಾಡಿ ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವವರು ಮಾಡಿಸಲಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಬಿಡಿಭಾಗ ಅಪರೂಪ ಆಗುತ್ತಿರುವಾಗ ಸ್ವಿಚ್ಚಿನ ಮೇಲಿನ ಹೊರೆ ಇಳಿಸುವುದೇ ಜಾಣತನ. ನಾಲ್ಕು ಕಾಲಿನ 12 ವೋಲ್ಟ್, 30 ಆಂಪ್ ರಿಲೇ ಸಾಕು. ಕಾಲುಗಳ ಮೇಲೆ 30, 85, 86, 87 ಅಂತ ಬರೆದಿರುತ್ತದೆ. 85, 86 ಕಾಯಿಲ್, ಅಂದರೆ ಕರೆಂಟ್ ಕೊಟ್ಟಾಗ ರಿಲೇಯನ್ನು ಆನ್ ಮಾಡುವ ತಂತಿಯ ಸುರುಳಿ. 30, 87 ದೊಡ್ಡ ಕರೆಂಟಿನ ದಾರಿ.

ನಿಮ್ಮ ಸ್ವಿಚ್ ಅರ್ಥ್ ಕಡೆಯದಾದರೆ: ಜೋರು ಸ್ಪೀಡಿನ ವೈರನ್ನು ಮಧ್ಯೆ ಕತ್ತರಿಸಿ. ಸ್ವಿಚ್ ಕಡೆಯ ತುದಿ 85ಕ್ಕೆ. ಮೋಟಾರ್ ಕಡೆಯ ತುದಿ 87ಕ್ಕೆ. 86ಕ್ಕೆ ಕೀ ಹಾಕಿದಾಗ ಬರುವ, ಫ್ಯಾನ್ ಫ್ಯೂಸಿನ ನಂತರದ 12 ವೋಲ್ಟ್. 30ರಿಂದ ದಪ್ಪ ವೈರ್ ಬಾಡಿಗೆ, ಬಣ್ಣ ಕೆರೆದ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ.

ಸಪ್ಲೈ ಕಡೆಯದಾದರೆ: ಅದೇ ರೀತಿ ಕತ್ತರಿಸಿ, ಸ್ವಿಚ್ ಕಡೆಯ ತುದಿ 86ಕ್ಕೆ, 85 ಬಾಡಿಗೆ. ಬ್ಯಾಟರಿಯಿಂದ ಹೊಸ ವೈರ್ 30ಕ್ಕೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಆ ಫ್ಯೂಸ್ ಗಾಡಿಯ ಮೂಲ ಫ್ಯಾನ್ ಫ್ಯೂಸಿನಷ್ಟೇ ಆಂಪಿನದು ಇರಲಿ. 87ರಿಂದ ಮೋಟಾರ್ ಕಡೆಗೆ. ಬಾನೆಟ್ ಕೆಳಗಿನಿಂದ ಒಳಗೆ ವೈರ್ ತರುವಾಗ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿ.

ಎರಡರಲ್ಲೂ ಈಗ ಜೋರು ಸ್ಪೀಡಿಗೆ ಸ್ವಿಚ್ ಮೇಲೆ ಹರಿಯುವುದು ಕಾಯಿಲ್‌ನ ಅಲ್ಪ ಕರೆಂಟ್, 0.2 ಆಂಪ್‌ನ ಆಸುಪಾಸು. ಮಧ್ಯದ, ಕೆಳಗಿನ ಸ್ಪೀಡುಗಳಿಗೆ ರೆಸಿಸ್ಟರ್ ಇರುವುದರಿಂದ ಅಲ್ಲಿ ಹೊರೆ ಮೊದಲೇ ಕಡಿಮೆ.

ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ ಎಲ್ಲ ಸ್ಪೀಡುಗಳನ್ನೂ ಹಾಕಿ ನೋಡಿ. ಜೋರಿನಲ್ಲಿ ಹತ್ತು ನಿಮಿಷ ಓಡಿಸಿ, ಕನೆಕ್ಟರ್ ಮತ್ತು ಫ್ಯೂಸ್ ಡಬ್ಬಿ ಮುಟ್ಟಿ ನೋಡಿ. ಕೊನೆಗೆ ಫ್ಯಾನ್ ಜೋರಿನಲ್ಲಿ ಇರುವಾಗಲೇ ಕೀ ಆಫ್ ಮಾಡಿ. ಫ್ಯಾನ್ ಕೂಡಲೇ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಸ್ವಿಚ್ಚಿನ ಜಾರುವ ತುಂಡು ಪಕ್ಕದ ಪಟ್ಟಿಗೂ ತಾಗುತ್ತಿದೆ. ರಿಲೇ ಕಾಯಿಲ್‌ಗೆ ರೆಸಿಸ್ಟರ್ ಮೂಲಕ ಹಿಂದಿನಿಂದ ಕರೆಂಟ್ ಸಿಗುತ್ತಿದೆ. ಸಪ್ಲೈ ಕಡೆಯ ಜೋಡಣೆಯಲ್ಲಿ ಹೀಗಾಗಬಹುದು. ಆಗ ಬ್ಯಾಟರಿಯಿಂದ ನೇರ ತಂದ 30ರ ವೈರನ್ನು ಕೀ ಹಾಕಿದಾಗ ಮಾತ್ರ ಜೀವ ಬರುವ ಇನ್ನೊಂದು ರಿಲೇಯಿಂದ ಕೊಡಿಸಿ. ಅದಾದ ಮೇಲೆ ಡ್ಯಾಶ್ ಮುಚ್ಚಬಹುದು. ರಿಲೇ ಎಲ್ಲಿ ಕೂತಿದೆ, ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಒಂದು ಚೀಟಿಯಲ್ಲಿ ಬರೆದು ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ.